ಎಳೆಯ ಮಕ್ಕಳಿಗೆ ಮನೆಯೇ ಪಾಠಶಾಲೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ತಂದೆ-ತಾಯಿಯರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಗೋಡೆಗಳಿಗೆ ಬಣ್ಣ ಬಳಿಸಿದ್ದೇವೆ, ಗಂಟೆಗೋಪುರವನ್ನು ದುರಸ್ತಿ ಮಾಡಿಸಿದ್ದೇವೆ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದ್ದೇವೆ. ಇವೆಲ್ಲವೂ ಯುಕ್ತವಾದ ಕಾರ್ಯಗಳೇ. ಆದರೆ ನೂರು ವರ್ಷಗಳ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳನ್ನು ತಿರುವಿ ನೋಡಿದಾಗ ನಮಗೆ ಬೇರೊಂದು ಸತ್ಯ ಕಾಣಿಸುತ್ತದೆ. ಗುರುಗಳು ಬಂದರು, ಕೆಲವು ವರ್ಷಗಳಿದ್ದು ವರ್ಗವಾಗಿ ಹೋದರು. ಕನ್ಯಾಸ್ತ್ರೀಯರೂ ಹಾಗೆಯೇ. ಪುಟದಿಂದ ಪುಟಕ್ಕೆ, ತಲೆಮಾರಿನಿಂದ ತಲೆಮಾರಿಗೆ ಉಳಿದು ಬಂದಿರುವುದು ಮನೆತನಗಳ ಹೆಸರುಗಳು. ವಿಶ್ವಾಸವನ್ನು ಇಷ್ಟು ಕಾಲ ಹೊತ್ತು ತಂದವು ನಿಮ್ಮ ಮನೆಗಳೇ. ಆದುದರಿಂದ ಮುಂದಿನ ನೂರು ವರ್ಷಗಳ ಮಾತನ್ನಾಡುವಾಗ ಮನೆಯ ಮಾತಿನಿಂದಲೇ ಆರಂಭಿಸಬೇಕಾಗಿದೆ.

ನಾವು ಇಂದು ಹೇಳಬಯಸುವುದು ಇಷ್ಟೇ: ಎಳೆಯ ಮಕ್ಕಳಿಗೆ ಕಲಿಸುವ ಕೆಲಸವನ್ನು ದೇವರು ಮೊದಲು ತಂದೆ-ತಾಯಿಯರಿಗೆ ಒಪ್ಪಿಸಿದ್ದಾರೆ. ಶಾಲೆ, ಭಾನುವಾರದ ಧರ್ಮೋಪದೇಶ ತರಗತಿ, ಗುರುಗಳಾದ ನಾವು, ಎಲ್ಲರೂ ನಿಮಗೆ ಸಹಾಯಕರು. ಸಹಾಯಕರ ತಲೆಯ ಮೇಲೆ ಇಡೀ ಹೊರೆಯನ್ನು ಇಟ್ಟುಬಿಟ್ಟರೆ ಕೆಲಸ ಕೆಡುತ್ತದೆ.

ಇದು ನಮ್ಮ ಸ್ವಂತ ಅಭಿಪ್ರಾಯವಲ್ಲ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ಮೋಶೆಯು ಇಸ್ರಯೇಲರಿಗೆ ದೇವರ ಆಜ್ಞೆಗಳನ್ನು ಒಪ್ಪಿಸುವಾಗ, ಅವುಗಳನ್ನು ಮಕ್ಕಳಿಗೆ ಕಲಿಸತಕ್ಕ ಸಮಯಗಳನ್ನೂ ಸೂಚಿಸುತ್ತಾನೆ. ಮನೆಯಲ್ಲಿ ಕುಳಿತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಈ ನಾಲ್ಕೂ ಸಮಯಗಳಲ್ಲಿ ಮಗುವಿನ ಬಳಿ ಇರುವವರು ಯಾರೆಂದು ಯೋಚಿಸಿರಿ. ಸಂತ ಪೌಲನು ತಿಮೊಥೇಯನಿಗೆ ಪತ್ರ ಬರೆಯುವಾಗ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರಿಸಿ ಅವರ ವಿಶ್ವಾಸವನ್ನು ನೆನೆಯುತ್ತಾನೆ. ಯೇಸುಸ್ವಾಮಿಯೇ ತಮ್ಮ ಬಾಳಿನ ಬಹುಪಾಲನ್ನು ನಜರೇತಿನ ಒಂದು ಬಡಗಿಯ ಮನೆಯಲ್ಲಿ ಕಳೆದರು.

ಧರ್ಮಸಭೆಯ ಬೋಧನೆಯೂ ಇದೇ ದಾರಿಯಲ್ಲಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕುಟುಂಬವನ್ನು ಗೃಹಸಭೆಯೆಂದು ಕರೆಯಿತು. 1965ರ ಅಕ್ಟೋಬರಿನಲ್ಲಿ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ ತಂದೆ-ತಾಯಿಯರೇ ಮೊದಲ ಹಾಗೂ ಮುಖ್ಯ ಶಿಕ್ಷಕರೆಂದು ಸಾರಿತು. ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ಕುಟುಂಬವನ್ನು ಕುರಿತು ನೀಡಿದ ಪ್ರಬೋಧನೆಯಲ್ಲಿ ಇದನ್ನೇ ವಿಸ್ತರಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೂ, ಮಾತಿನಿಂದಲೂ ಮಾದರಿಯಿಂದಲೂ ಮಕ್ಕಳನ್ನು ವಿಶ್ವಾಸದಲ್ಲಿ ರೂಪಿಸುವ ಹೊಣೆ ಎಲ್ಲರಿಗಿಂತ ಮೊದಲು ತಂದೆ-ತಾಯಿಯರದೆಂದು ವಿಧಿಸಿದೆ.

ನಿಮ್ಮ ಮಗುವಿನ ದೀಕ್ಷಾಸ್ನಾನದ ದಿನವನ್ನು ಸ್ಮರಿಸಿಕೊಳ್ಳಿರಿ. ಗುರುಗಳು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದ ಬಳಿಕ, ನೀವೂ ಹಾಕಿರೆಂದು ನಿಮ್ಮನ್ನು ಕರೆದರು. ಪಾಸ್ಕ ದೀಪದಿಂದ ಹೊತ್ತಿಸಿದ ಬತ್ತಿಯನ್ನು ನಿಮ್ಮ ಮನೆಯವರ ಕೈಗೆ ಕೊಟ್ಟು, ಈ ಬೆಳಕನ್ನು ಆರದಂತೆ ಕಾಪಾಡಬೇಕೆಂದರು. ಆ ಬತ್ತಿಯನ್ನು ಶಾಲೆಯ ಕೈಗೆ ಯಾರೂ ಕೊಡಲಿಲ್ಲ.

ಆದರೆ ಇಂದು ಏನಾಗಿದೆ? ಮಗುವಿಗೆ ಮೂರು ತುಂಬುವ ಮುನ್ನವೇ ಶಾಲೆಯ ಅರ್ಜಿಗಾಗಿ ಸಾಲಿನಲ್ಲಿ ನಿಲ್ಲುತ್ತೇವೆ. ಸಾಲ ಮಾಡಿಯಾದರೂ ಶುಲ್ಕ ಕಟ್ಟುತ್ತೇವೆ. ಸಂಜೆಗೆ ಟ್ಯೂಷನ್, ರಾತ್ರಿ ಊಟಕ್ಕೆ ಮೊಬೈಲು. ಪ್ರಾರ್ಥನೆ ಕಲಿಸಿದ್ದೀರಾ ಎಂದರೆ, “ಸ್ವಾಮಿ, ಅದನ್ನೆಲ್ಲ ಭಾನುವಾರ ಸಿಸ್ಟರ್ ಕಲಿಸುತ್ತಾರಲ್ಲ” ಎಂಬ ಉತ್ತರ ಬರುತ್ತದೆ. ಒಂದು ಸರಳವಾದ ಲೆಕ್ಕ ಹಾಕೋಣ. ರಜೆ, ಹಬ್ಬ, ಪರೀಕ್ಷೆಗಳನ್ನು ಕಳೆದರೆ ವರ್ಷಕ್ಕೆ ಹೆಚ್ಚೆಂದರೆ 40 ಭಾನುವಾರಗಳ ತರಗತಿ, ಅಂದರೆ 40 ಗಂಟೆ. ದಿನಕ್ಕೆ 12 ಗಂಟೆ ಎಚ್ಚರವಿರುವ ಮಗು ವರ್ಷದಲ್ಲಿ 4,380 ಗಂಟೆ ನೋಡುತ್ತ, ಕೇಳುತ್ತ, ಕಲಿಯುತ್ತ ಇರುತ್ತದೆ. ಉಳಿದ 4,340 ಗಂಟೆಗಳಲ್ಲಿ ಅದು ಕಲಿತದ್ದನ್ನು ಸಿಸ್ಟರ್‌ರವರು 40 ಗಂಟೆಗಳಲ್ಲಿ ತಿದ್ದಲು ಸಾಧ್ಯವೇ?

2020ರಲ್ಲಿ ಕೋವಿಡ್ ರೋಗದ ಕಾಲ ನಮ್ಮೆಲ್ಲರಿಗೂ ಒಂದು ಪರೀಕ್ಷೆಯಾಗಿ ಬಂತು. ಮಾರ್ಚ್ ತಿಂಗಳಲ್ಲಿ ಶಾಲೆಗಳೂ ದೇವಾಲಯಗಳೂ ಮುಚ್ಚಿದವು. ಏಪ್ರಿಲ್ 12ರ ಪುನರುತ್ಥಾನದ ಹಬ್ಬವನ್ನು ಭಕ್ತರಿಲ್ಲದ ದೇವಾಲಯಗಳಲ್ಲಿ ಆಚರಿಸಬೇಕಾಯಿತು. ಮತ್ತೆ ಬಾಗಿಲು ತೆರೆದಾಗ, ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗಬೇಕಿದ್ದ ಮಕ್ಕಳನ್ನು ನಾವು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿದೆವು. ಕೆಲವರು ಹಿಂದೆ ಕಲಿತದ್ದನ್ನೂ ಮರೆತಿದ್ದರು. ಮತ್ತೆ ಕೆಲವರು ಜಪಸರದ ರಹಸ್ಯಗಳನ್ನು ತಡವರಿಸದೆ ಹೇಳಿದರು. ಯಾರು ಕಲಿಸಿದರೆಂದರೆ ಅಜ್ಜಿ ಎಂದರು. ಈ ವ್ಯತ್ಯಾಸಕ್ಕೆ ಹಣವಾಗಲಿ, ತಂದೆ-ತಾಯಿಯರ ಪದವಿಯಾಗಲಿ ಕಾರಣವಾಗಿರಲಿಲ್ಲ. ಸಂಜೆ ದೀಪ ಹಚ್ಚಿ ಒಟ್ಟಾಗಿ ಮಂಡಿಯೂರುವ ಮನೆ ಯಾವುದು, ಮಂಡಿಯೂರದ ಮನೆ ಯಾವುದು ಎಂಬುದು ಮಕ್ಕಳ ಬಾಯಿಂದಲೇ ತಿಳಿಯುತ್ತಿತ್ತು.

ಮನೆಯಲ್ಲೇ ಪಾಠ ಎಂಬುದಕ್ಕೆ ನೀವೆಲ್ಲರೂ ಬಲ್ಲ ಒಬ್ಬ ಸಂತಳ ಬಾಲ್ಯವೇ ನಿದರ್ಶನ. ನಾವು ಕಿರುಪುಷ್ಪವೆಂದು ಕರೆಯುವ ಬಾಲಯೇಸುವಿನ ಸಂತ ತೆರೇಸಮ್ಮನವರು 1873ರಲ್ಲಿ ಫ್ರಾನ್ಸ್ ದೇಶದ ಅಲಾನ್ಸೋನ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕಸುಬಿನವರು. ತಾಯಿ ಜೆಲಿ ಕಸೂತಿಯ ಜಾಲರಿ ಹೆಣೆಯುವ ಉದ್ಯಮವನ್ನು ನಡೆಸುತ್ತಿದ್ದರು. ನಿಮ್ಮಂತೆಯೇ ದುಡಿದು ಬದುಕಿದ ದಂಪತಿಗಳು. 1877ರ ಆಗಸ್ಟಿನಲ್ಲಿ ತಾಯಿ ತೀರಿಕೊಂಡಾಗ ಮಗುವಿಗೆ ನಾಲ್ಕೂವರೆ ವರ್ಷ. ತಂದೆ ಐವರು ಹೆಣ್ಣುಮಕ್ಕಳೊಂದಿಗೆ ಲಿಸಿಯೂ ಪಟ್ಟಣಕ್ಕೆ ಬಂದು ನೆಲೆಸಿದರು. ಅಲ್ಲಿ ತೆರೇಸಳಿಗೆ ಪಾಠ ಹೇಳಿದವರು ಅಕ್ಕಂದಿರು. ಓದನ್ನೂ ಧರ್ಮೋಪದೇಶವನ್ನೂ ಕಲಿಸಿದ ಪೌಲಿನಳಿಗೆ ಆಗ ಕೇವಲ 16 ವರ್ಷ. ಬರವಣಿಗೆ ಕಲಿಸಿದ ಮರಿಯಳಿಗೆ 17. ಯಾರ ನೆರವೂ ಇಲ್ಲದೆ ತಾನು ಮೊತ್ತಮೊದಲು ಓದಿದ ಪದ ‘ಸ್ವರ್ಗ’ವೆಂದು ತೆರೇಸಮ್ಮನವರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿದ್ದಾರೆ. ವ್ಯಾಕರಣ ಕಷ್ಟವಾಗುತ್ತಿತ್ತಂತೆ, ಪವಿತ್ರ ಚರಿತ್ರೆ ಬಲು ಇಷ್ಟವಂತೆ. ಮಧ್ಯಾಹ್ನ ತಂದೆ ಮಗಳ ಕೈಹಿಡಿದು ತಿರುಗಾಡಲು ಹೋಗುತ್ತಿದ್ದರು. ದಿನಕ್ಕೊಂದು ದೇವಾಲಯವನ್ನು ಹೊಕ್ಕು ಇಬ್ಬರೂ ಪರಮಪ್ರಸಾದದ ಸನ್ನಿಧಿಯಲ್ಲಿ ಪ್ರಾರ್ಥಿಸುತ್ತಿದ್ದರು. ಸಂಜೆ ಎಲ್ಲರೂ ಸೇರಿ ಓದು, ಹಾಡು, ಪ್ರಾರ್ಥನೆ.

1881ರ ಅಕ್ಟೋಬರಿನಲ್ಲಿ, ಎಂಟೂವರೆ ವರ್ಷದವಳಾಗಿದ್ದಾಗ, ತೆರೇಸ ಬೆನೆದಿಕ್ತ ಸಭೆಯ ಕನ್ಯಾಸ್ತ್ರೀಯರ ಶಾಲೆಗೆ ಸೇರಿದಳು. ಮನೆಪಾಠ ಎಷ್ಟು ಗಟ್ಟಿಯಾಗಿತ್ತೆಂದರೆ ತನಗಿಂತ ದೊಡ್ಡ ಹುಡುಗಿಯರ ತರಗತಿಯಲ್ಲಿ ಅವಳನ್ನು ಕೂರಿಸಿದರು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮನೆಯ ಬೆಚ್ಚನೆಯ ವಾತಾವರಣದಲ್ಲಿ ಬೆಳೆದ ಆ ಮಗುವಿಗೆ ಜೊತೆಗಾರರ ನಡುವೆ ಹೊಂದಿಕೊಳ್ಳುವುದು ದುಸ್ತರವಾಯಿತು. ಶಾಲೆಯ ದಿನಗಳು ದುಃಖದ ದಿನಗಳಾದವು. ಮನೆ ಮಗುವಿಗೆ ಗೂಡಾಗಿರಬೇಕು, ಪಂಜರವಾಗಬಾರದು. ಮಾರ್ಟಿನ್ ದಂಪತಿಗಳನ್ನು 2015ರ ಅಕ್ಟೋಬರ್ 18ರಂದು ಧರ್ಮಸಭೆ ಒಟ್ಟಾಗಿ ಸಂತರ ಪದವಿಗೆ ಏರಿಸಿತು. ಗಂಡ-ಹೆಂಡತಿ ಜೊತೆಯಾಗಿ ಈ ಗೌರವ ಪಡೆದದ್ದು ಅದೇ ಮೊದಲು.

“ಸ್ವಾಮಿ, ನಾವು ಓದಿದವರಲ್ಲ, ನಾವೇನು ಕಲಿಸಬಲ್ಲೆವು?” ಎಂದು ಕೇಳುವ ತಾಯಂದಿರು ಇಲ್ಲಿದ್ದಾರೆ. ಸಂತ ಜಾನ್ ಬೋಸ್ಕೋರವರ ತಾಯಿ ಮಾರ್ಗರೀತರಿಗೆ ಓದು ಬರಹ ಬರುತ್ತಿರಲಿಲ್ಲ. 1817ರಲ್ಲಿ ಪತಿ ಗತಿಸಿದಾಗ ಜಾನ್ ಎರಡು ವರ್ಷ ತುಂಬದ ಕೂಸು. ಹೊಲದ ದುಡಿಮೆಯ ನಡುವೆ ಆ ವಿಧವೆ ಬಾಯಿಪಾಠದಿಂದಲೇ ಮಕ್ಕಳಿಗೆ ಪ್ರಾರ್ಥನೆಗಳನ್ನೂ ಧರ್ಮೋಪದೇಶವನ್ನೂ ಕಲಿಸಿದರು. ಮೊದಲ ಪಾಪನಿವೇದನೆಗೆ ಮಗನನ್ನು ತಾವೇ ಸಿದ್ಧಪಡಿಸಿದರು. ಸಾವಿರಾರು ಅನಾಥ ಬಾಲಕರಿಗೆ ಗುರುವಾದ ಮಹನೀಯರಿಗೆ ಗುರುವಾದವರು ಅಕ್ಷರ ಬಾರದ ಆ ತಾಯಿ.

ಮನೆಯ ಶಕ್ತಿ ಎಷ್ಟೆಂಬುದಕ್ಕೆ ಜಪಾನ್ ದೇಶದ ಚರಿತ್ರೆ ಸಾಕ್ಷಿಯಾಗಿದೆ. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿ ಗುರುಗಳನ್ನು ಹೊರಗಟ್ಟಿದರು. ಬಳಿಕ ಗುಟ್ಟಾಗಿ ಉಳಿದವರೂ ಹತರಾದರು. ಎರಡು ಶತಮಾನಗಳಿಗೂ ಮೀರಿ ದೇವಾಲಯವಿಲ್ಲ, ಬಲಿಪೂಜೆಯಿಲ್ಲ, ಶಾಲೆಯಿಲ್ಲ. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ದೇವಾಲಯಕ್ಕೆ ಉರಕಾಮಿ ಹಳ್ಳಿಯ ಕೆಲವರು ಬಂದು, ಅಲ್ಲಿದ್ದ ಪೆತಿಜಾನ್ ಸ್ವಾಮಿಗಳಿಗೆ ತಾವೂ ಅದೇ ವಿಶ್ವಾಸದವರೆಂದು ತಿಳಿಸಿ, ಮರಿಯಮ್ಮನವರ ಸ್ವರೂಪ ಎಲ್ಲಿದೆಯೆಂದು ವಿಚಾರಿಸಿದರು. ನಮ್ಮ ಮೈಸೂರು ಸೀಮೆಗೆ ಗುರುಗಳನ್ನು ಕಳುಹಿಸಿದ ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಗೇ ಆ ಸ್ವಾಮಿಗಳೂ ಸೇರಿದವರು. ಅಷ್ಟು ಕಾಲ ಆ ಜನ ತಾವೇ ದೀಕ್ಷಾಸ್ನಾನ ಕೊಟ್ಟು, ಹಬ್ಬಗಳ ದಿನಗಳನ್ನು ಎಣಿಸಿಕೊಂಡು, ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸಿದ್ದರು. ಮಕ್ಕಳಿಗೆ ಮನೆಯಲ್ಲಿ ಕಲಿಸುವುದನ್ನು ಒಂದೇ ಒಂದು ತಲೆಮಾರು ಕೈಬಿಟ್ಟಿದ್ದರೆ ಅಂದು ಆ ಬಾಗಿಲಿಗೆ ಬರಲು ಯಾರೂ ಇರುತ್ತಿರಲಿಲ್ಲ.

ಹಾಗಾದರೆ ಮಕ್ಕಳನ್ನು ಶಾಲೆಗೇ ಕಳುಹಿಸದೆ ಎಲ್ಲವನ್ನೂ ಮನೆಯಲ್ಲೇ ಕಲಿಸಬಹುದೇ ಎಂದು ಇತ್ತೀಚೆಗೆ ಕೆಲವು ಯುವ ದಂಪತಿಗಳು ನಮ್ಮನ್ನು ಕೇಳಿದ್ದಾರೆ. ಶಿಕ್ಷಣದ ಮಾರ್ಗವನ್ನು ಆರಿಸುವ ಹಕ್ಕು ತಂದೆ-ತಾಯಿಯರಿಗಿದೆ ಎಂದು ಧರ್ಮಸಭೆ ಒಪ್ಪುತ್ತದೆ. ಆದರೆ ನಮ್ಮ ದೇಶದಲ್ಲಿ 6ರಿಂದ 14 ವರ್ಷದ ಮಗುವಿಗೆ ಶಿಕ್ಷಣವು ಮೂಲಭೂತ ಹಕ್ಕು. ಅದನ್ನು ಒದಗಿಸುವುದು ತಂದೆ-ತಾಯಿಯರ ಕರ್ತವ್ಯವೆಂದು ಸಂವಿಧಾನದ 2002ರ ತಿದ್ದುಪಡಿ ಹೇಳಿದೆ. 2009ರ ಕಾಯಿದೆ ಶಾಲೆಯ ಮೂಲಕವೇ ಅದನ್ನು ಜಾರಿಗೊಳಿಸಿದೆ. ಸಮಯ, ವಿದ್ಯೆ, ತಾಳ್ಮೆ ಮೂರನ್ನೂ ತೂಗಿ ನೋಡದೆ ಈ ಹೆಜ್ಜೆ ಇಡಬೇಡಿರಿ. ಪರಧರ್ಮದ ಮಕ್ಕಳೊಡನೆ ಬೆರೆಯಬಾರದೆಂಬ ಭಯದಿಂದಂತೂ ಇಡಲೇಬೇಡಿರಿ. ನೆರೆಯವರನ್ನು ಪ್ರೀತಿಸಲು ಕಲಿಯದ ಮಗು ಕ್ರಿಸ್ತನನ್ನೂ ಕಲಿಯಲಾರದು. ಆರು ವರ್ಷದೊಳಗಿನ ಕಾಲ ಮಾತ್ರ ಬಹುಮಟ್ಟಿಗೆ ನಿಮ್ಮದೇ. ಮೆದುಳಿನ ಬೆಳವಣಿಗೆಯಲ್ಲಿ 85 ಶೇಕಡಾಕ್ಕೂ ಹೆಚ್ಚು ಆರನೆಯ ವರ್ಷದೊಳಗೆ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ತಿಳಿಸಿದೆ.

ಆ ಕಾಲದಲ್ಲಿ ಏನು ಕಲಿಸಬೇಕು? ಮೊದಲನೆಯದು ಮಾತು. ಮನೆಮಾತು ಕನ್ನಡವಾಗಲಿ, ಕೊಂಕಣಿಯಾಗಲಿ, ತಮಿಳಾಗಲಿ, ಮಗುವಿನೊಡನೆ ಅದರಲ್ಲೇ ಮಾತನಾಡಿರಿ, ಕಥೆ ಹೇಳಿರಿ. ನೋಹನ ನಾವೆ, ದಾವಿದನ ಕವಣೆ, ತಪ್ಪಿಹೋದ ಕುರಿ, ಇವು ಎಷ್ಟು ಸಲ ಕೇಳಿದರೂ ಮಕ್ಕಳಿಗೆ ಸಾಲದು. ನಮ್ಮ ಬಲಿಪೂಜೆ ಕನ್ನಡದಲ್ಲಿ ನಡೆಯುತ್ತದೆ. ಆಂಗ್ಲ ಮಾಧ್ಯಮದಲ್ಲಿ ಓದುವ ನಮ್ಮ ಅನೇಕ ಮಕ್ಕಳಿಗೆ ಪ್ರಾರ್ಥನಾ ಪುಸ್ತಕದ ಅಕ್ಷರಗಳೇ ಅಪರಿಚಿತ. ದಿನಕ್ಕೊಂದು ಅಕ್ಷರ ಸ್ಲೇಟಿನ ಮೇಲೆ ತಿದ್ದಿಸಿದರೆ ಸಾಕು. ನಾಳೆ ಅವರೇ ಪೀಠದ ಬಳಿ ನಿಂತು ವಾಚನ ಓದುವರು.

ಎರಡನೆಯದು ಪ್ರಾರ್ಥನೆ. ಸಮಯ ಗೊತ್ತಾಗಿರಲಿ, ಉದ್ದವಾಗಿರಬೇಕಾಗಿಲ್ಲ. ಮೂರು ವರ್ಷದ ಮಗುವಿಗೆ ಶಿಲುಬೆಯ ಗುರುತು, ನಾಲ್ಕಕ್ಕೆ ಪರಲೋಕ ಮಂತ್ರ ಹಾಗೂ ನಮೋ ಮರಿಯ, ಐದು-ಆರಕ್ಕೆ ಜಪಸರದ ಒಂದು ಹತ್ತುಮಣಿ. ನಿದ್ರೆ ಬಂದ ಮಗುವನ್ನು ಗದರಿಸಿ ಮಂಡಿಯೂರಿಸಬೇಡಿರಿ. ನಿಮ್ಮ ಮಡಿಲಲ್ಲಿ ಕೂರಿಸಿಕೊಂಡು ನೀವು ಜಪಿಸಿರಿ, ಅದರ ಕಿವಿ ಕೇಳುತ್ತಿರುತ್ತದೆ.

ಮೂರನೆಯದು ಕೆಲಸ. ಅವರೆಕಾಳು ಬಿಡಿಸುವಾಗ ಹತ್ತರವರೆಗೆ ಎಣಿಸಲಿ, ಬಟ್ಟೆ ಮಡಚಲಿ, ಗಿಡಕ್ಕೆ ನೀರು ಹಾಕಲಿ. ಹುಣಸೆ ಬೀಜದ ಆಟದಲ್ಲಿ ಕೂಡುವುದೂ ಕಳೆಯುವುದೂ ತಾನಾಗಿ ಬರುತ್ತದೆ. ಕ್ರಿಸ್ಮಸ್ಸಿಗೆ ಗೋದಲಿಯ ಹುಲ್ಲು ಹಾಸುವ ಕೆಲಸ, ತಪಸ್ಸುಕಾಲದಲ್ಲಿ ತಿಂಡಿಯ ಕಾಸನ್ನು ಬಡವರ ಡಬ್ಬಿಗೆ ಹಾಕುವ ಕೆಲಸ ಮಕ್ಕಳದಾಗಿರಲಿ. ಹೀಗೆ ಧರ್ಮಸಭೆಯ ವರ್ಷಚಕ್ರವೇ ಅವರಿಗೆ ಪಠ್ಯಪುಸ್ತಕವಾಗುತ್ತದೆ.

ತಂದೆಯಂದಿರಿಗೆ ಒಂದು ಮಾತು. ಇದೆಲ್ಲ ಹೆಂಗಸರ ಕೆಲಸವೆಂದು ಭಾವಿಸಬೇಡಿರಿ. ತೆರೇಸಮ್ಮನವರ ತಂದೆಯನ್ನು ಮತ್ತೊಮ್ಮೆ ನೆನೆಯಿರಿ. ಅಮ್ಮ ಪ್ರಾರ್ಥಿಸುವಾಗ ಅಪ್ಪ ಹೊರಗೆ ಜಗುಲಿಯಲ್ಲಿ ಮೊಬೈಲು ನೋಡುತ್ತ ಕುಳಿತರೆ, ದೊಡ್ಡವರಾದ ಮೇಲೆ ಪ್ರಾರ್ಥನೆ ಬೇಕಿಲ್ಲವೆಂಬ ಪಾಠವನ್ನು ಮಗ ಕಲಿಯುತ್ತಾನೆ. ಕುಡಿದು ಬಂದು ತಾಯಿಯನ್ನು ಬೈಯುವ ಮನೆಯಲ್ಲಿ ಯಾವ ಧರ್ಮೋಪದೇಶವೂ ಬೇರೂರದು. ತಪ್ಪಾದಾಗ ಮಕ್ಕಳ ಎದುರಿನಲ್ಲೇ ಗಂಡ ಹೆಂಡತಿಯ ಬಳಿ, ಹೆಂಡತಿ ಗಂಡನ ಬಳಿ ಕ್ಷಮೆ ಕೇಳಲಿ. ಪಾಪನಿವೇದನೆಯ ಅರ್ಥವನ್ನು ಮಗುವಿಗೆ ತಿಳಿಸಲು ಇದಕ್ಕಿಂತ ಸುಲಭವಾದ ಪಾಠ ನಮಗೆ ತಿಳಿದಿಲ್ಲ.

ಪ್ರಿಯರೇ, ಇಂದು ರಾತ್ರಿಯಿಂದಲೇ ಹದಿನೈದು ನಿಮಿಷಗಳನ್ನು ಎತ್ತಿಡಿರಿ. ಟಿವಿಯನ್ನೂ ಮೊಬೈಲನ್ನೂ ಆರಿಸಿ, ಮಕ್ಕಳನ್ನು ಕೂರಿಸಿಕೊಂಡು, ಒಂದು ಕಥೆ, ಒಂದು ಅಕ್ಷರ, ಒಂದು ಪ್ರಾರ್ಥನೆ. ಅಷ್ಟು ಮಾಡುವ ಮನೆಗೆ ಬಂದು ಆಶೀರ್ವದಿಸಲು, ಗೊತ್ತಿಲ್ಲದ್ದನ್ನು ಹೇಳಿಕೊಡಲು ಧರ್ಮಕೇಂದ್ರದ ಗುರುಗಳಾದ ನಾವೂ ಕನ್ಯಾಸ್ತ್ರೀಯರೂ ಸದಾ ಸಿದ್ಧರಿದ್ದೇವೆ. ಇನ್ನೂ ನೂರು ವರ್ಷಗಳ ಬಳಿಕ ಈ ದೀಕ್ಷಾಸ್ನಾನದ ಪುಸ್ತಕಗಳನ್ನು ತಿರುವುವ ಗುರುಗಳಿಗೆ ನಿಮ್ಮ ಮನೆತನದ ಹೆಸರು ಮುಂದುವರಿದು ಕಾಣಿಸಲಿ. ನಜರೇತಿನ ಪವಿತ್ರ ಕುಟುಂಬವು ನಿಮ್ಮ ಕುಟುಂಬಗಳನ್ನು ಕಾಪಾಡಲಿ. ಸರ್ವಶಕ್ತ ದೇವರಾದ ಪಿತ, ಸುತ ಹಾಗೂ ಪವಿತ್ರಾತ್ಮ ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಹರಸಲಿ. ಆಮೆನ್.