ಅಂತಾಕಿಯಾ ನಮ್ಮನ್ನು ಕೇಳುವ ಪ್ರಶ್ನೆ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್.



ಮರಣದ ಮನೆಗೆ ಹೋದರೆ ನಾವು ಮೊದಲು ಓದುವುದು ಸೂರಃ ಯಾಸೀನ್. ಊರಿನ ಕಟ್ಟಕಡೆಯಿಂದ ಓಡೋಡಿ ಬಂದು, ತನ್ನ ಜನರಿಗೆ ಒಳಿತನ್ನು ಹೇಳಿ, ಅದಕ್ಕಾಗಿಯೇ ಪ್ರಾಣ ಕೊಟ್ಟ ಮನುಷ್ಯನೊಬ್ಬ ಅದರಲ್ಲಿದ್ದಾನೆ. ಕುರ್‌ಆನ್ ಆ ಊರಿನ ಹೆಸರು ಹೇಳುವುದಿಲ್ಲ. ಅದು ಅಂತಾಕಿಯಾ, ಆತ ಹಬೀಬ್ ನಜ್ಜಾರ್ ಎಂದು ಅನೇಕ ಮುಫಸ್ಸಿರ್‌ಗಳು ಹೇಳಿದ್ದಾರೆ; ಭಿನ್ನಾಭಿಪ್ರಾಯವೂ ಇದೆ. ತುರ್ಕಿಯ ಹತಾಯ್ ಪ್ರಾಂತದಲ್ಲಿರುವ ಆ ಊರಿನಲ್ಲಿ ಅವರ ಹೆಸರಿನ ಪುರಾತನ ಮಸೀದಿಯೊಂದಿದೆ.

2023ರ ಫೆಬ್ರವರಿ 6ರ ಸೋಮವಾರ, ನಸುಕಿನ 4 ಗಂಟೆ 17 ನಿಮಿಷಕ್ಕೆ, ಜನ ನಿದ್ದೆಯಲ್ಲಿದ್ದಾಗ ನೆಲ ಅದುರಿತು. ತೀವ್ರತೆ 7.8. ಮಧ್ಯಾಹ್ನ 7.5ರ ಇನ್ನೊಂದು ಭೂಕಂಪ. ತುರ್ಕಿಯಲ್ಲಿ 53,000ಕ್ಕೂ ಹೆಚ್ಚು ಜನ ತೀರಿಕೊಂಡರು. ಸಿರಿಯಾದಲ್ಲೂ ಸಾವಿರಾರು ಮಂದಿ. ಹತಾಯ್ ಒಂದರಲ್ಲೇ ಸುಮಾರು 24,000. ಹಬೀಬ್ ನಜ್ಜಾರ್ ಮಸೀದಿಯೂ ಕುಸಿಯಿತು, ಹಳೆಯ ಚರ್ಚ್ ಕುಸಿಯಿತು. ಅಲ್ಲಿನ ಪುಟ್ಟ ಯಹೂದಿ ಸಮುದಾಯದ ಮುಖ್ಯಸ್ಥರೂ ಅವರ ಪತ್ನಿಯೂ ಅವಶೇಷಗಳಡಿ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಕಳೆದ ವಾರ ಒಬ್ಬ ಯುವಕ ನನ್ನಲ್ಲಿ ಕೇಳಿದ, "ಉಸ್ತಾದ್, ಅದು ಅಲ್ಲಾಹನ ಶಿಕ್ಷೆಯೇ?" ನಾನು ಹೇಳಿದೆ: ಮಗಾ, ಆ ತೀರ್ಪು ಕೊಡುವ ಅಧಿಕಾರ ನನಗೂ ಇಲ್ಲ, ನಿನಗೂ ಇಲ್ಲ. ಕಟ್ಟಡ ಕುಸಿದು ಮರಣ ಹೊಂದಿದ ವಿಶ್ವಾಸಿಯನ್ನು ಪ್ರವಾದಿಯವರು(ಸ) ಶಹೀದರ ಸಾಲಿಗೆ ಸೇರಿಸಿದ್ದಾರೆ. ಪ್ರವಾದಿ ಶಹೀದ್ ಎಂದವರನ್ನು ನಾವು ಪಾಪಿಗಳೆನ್ನಬಾರದು.

ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ. ನೆಲ ಅದುರಿಸಿದ್ದು ಅಲ್ಲಾಹನ ವಿಧಿ. ಕಂಬ ಕಡಿದದ್ದು ಯಾರು? ಅಂತಾಕಿಯಾ ಆಸಿ ನದಿಯ ಮೆಕ್ಕಲು ಮಣ್ಣಿನ ಮೇಲೆ ನಿಂತ ಊರು. ಅಂಥ ಮೆದು ನೆಲದಲ್ಲಿ ಕಂಪನ ಇನ್ನೂ ಜೋರಾಗುತ್ತದೆ. ಕ್ರಿ.ಶ. 526ರಲ್ಲೂ ಆ ಊರು ಭೂಕಂಪದಿಂದ ನೆಲಸಮವಾಗಿತ್ತು. ಗೊತ್ತಿಲ್ಲದ ಅಪಾಯವಲ್ಲ. 1999ರ ಇಝ್ಮಿತ್ ಭೂಕಂಪದ ನಂತರ ಕಟ್ಟಡಗಳ ನಿಯಮ ಬಿಗಿಯಾಗಿತ್ತು. ಹಾಗಿದ್ದೂ ಕಳಪೆ ಕಾಂಕ್ರೀಟು, ಸಾಲದ ಕಬ್ಬಿಣ. ಎಷ್ಟೋ ಕಡೆ ನೆಲಮಹಡಿಯ ಅಂಗಡಿಗೆ ಜಾಗ ಬೇಕೆಂದು ಕಂಬವನ್ನೇ ತೆಗೆದಿದ್ದರು. 2018ರಲ್ಲಿ ಸರಕಾರ ಶುಲ್ಕ ಪಡೆದು ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡಿಕೊಟ್ಟಿತ್ತು. ಕಾಗದ ಸಕ್ರಮವಾಯಿತು, ಕಂಬ ಗಟ್ಟಿಯಾಗಲಿಲ್ಲ.

ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಾಗಿತು. ಮೇಲೆ ಒಣಗಿದ್ದನ್ನಿಟ್ಟು ಒಳಗೆ ಒದ್ದೆ ಬಚ್ಚಿಟ್ಟವನಿಗೆ, ವಂಚಿಸುವವನು ನಮ್ಮವನಲ್ಲ ಎಂಬರ್ಥದ ಕಠಿಣ ಮಾತು ಹೇಳಿದರು. ಧಾನ್ಯದ ಮೋಸಕ್ಕೇ ಹೀಗಾದರೆ, ಗಿಲಾವಿನ ಒಳಗೆ ಬಚ್ಚಿಟ್ಟ ಮೋಸಕ್ಕೆ ನಾಳೆ ಏನೆಂದು ಉತ್ತರ ಕೊಡುವುದು?

ಸಹೋದರರೇ, ಬಿದ್ದ ಊರು ಹೇಗೆ ಎದ್ದಿತು ಎಂಬುದನ್ನೂ ನೋಡೋಣ. ವಿಮಾನ ನಿಲ್ದಾಣದ ರನ್‌ವೇ ಸೀಳಿತ್ತು, ಆಸ್ಪತ್ರೆಗಳೇ ಉರುಳಿದ್ದವು, ನೆರವು ತಡವಾಯಿತು. ಮೊದಲ ದಿನಗಳಲ್ಲಿ ಕೊರೆಯುವ ಚಳಿಯಲ್ಲಿ ನೆರೆಯವರೇ ಬರಿಗೈಯಲ್ಲಿ ಕಲ್ಲು ಸರಿಸಿದರು. ಗುರುತು ಸಿಗದ ಮಯ್ಯಿತ್‌ಗಳನ್ನು ಸಂಖ್ಯೆ ಬರೆದು ದಫನ ಮಾಡಿ, ಮುಂದೆ ಮನೆಯವರು ಹುಡುಕಿ ಬಂದರೆ ಸಿಗಲೆಂದು ಡಿಎನ್ಎ ತೆಗೆದಿಟ್ಟರು. ಮರಣ ಹೊಂದಿದವರ ಹಕ್ಕನ್ನು ಅಂಥ ಹೊತ್ತಲ್ಲೂ ಮರೆಯಲಿಲ್ಲ.

ನಮ್ಮ ದೇಶವೂ 'ಆಪರೇಷನ್ ದೋಸ್ತ್' ಹೆಸರಲ್ಲಿ ಧಾವಿಸಿತು. ಎನ್‌ಡಿಆರ್‌ಎಫ್ ತಂಡ ನೂರ್ದಗಿಯಲ್ಲಿ ಆರು ವರ್ಷದ ಬಾಲಕಿಯೊಬ್ಬಳನ್ನು ಜೀವಂತ ಹೊರತೆಗೆಯಿತು. ಇಸ್ಕೆಂದೆರೂನ್‌ನಲ್ಲಿ ನಮ್ಮ ಸೇನೆಯ ಆಸ್ಪತ್ರೆ ಸಾವಿರಾರು ಜನರಿಗೆ ಚಿಕಿತ್ಸೆ ನೀಡಿತು. ರಕ್ಷಿಸುವವನ ಧರ್ಮವನ್ನು ಕಲ್ಲಿನಡಿ ಸಿಕ್ಕಿಬಿದ್ದವರು ಕೇಳಲಿಲ್ಲ. ರಕ್ಷಿಸುವವರೂ ಅವರ ಧರ್ಮವನ್ನು ಕೇಳಲಿಲ್ಲ.

ಆಮೇಲೆ ಕ್ಯಾಮರಾಗಳು ಮರಳಿದವು. ನಿಜವಾದ ಕಷ್ಟ ಶುರುವಾಗುವುದು ಆಗಲೇ. ಡೇರೆಯಿಂದ ಕಂಟೇನರಿಗೆ, ಇಡೀ ಕುಟುಂಬಕ್ಕೆ ಒಂದು ಕೋಣೆಯ ಬದುಕು. ಎಷ್ಟೋ ಜನ ಊರು ಬಿಟ್ಟು ಮೆರ್ಸಿನ್, ಅಂಕಾರಾ ಸೇರಿದರು. ಉಳಿದವರು ಕಂಟೇನರ್‌ನಲ್ಲೇ ಶಾಲೆ ನಡೆಸಿದರು. ನಮ್ಮ ಮಕ್ಕಳು ಇಷ್ಟಪಡುವ ಕುನಾಫಕ್ಕೆ ಹೆಸರಾದ ಊರದು. ಹಳೇ ಬಝಾರಿನ ವ್ಯಾಪಾರಿಗಳು ಸುತ್ತಲೂ ಧೂಳಿರುವಾಗಲೇ ಬಾಗಿಲು ತೆರೆದರು. ಸರಕಾರ ಹೊಸ ಮನೆ ಕಟ್ಟಿ ಚೀಟಿ ಎತ್ತಿ ಹಂಚಿತು. ಆದರೂ ಎರಡು ವರ್ಷದ ನಂತರವೂ ಭೂಕಂಪ ಪೀಡಿತ ಪ್ರದೇಶದಲ್ಲಿ ಲಕ್ಷಾಂತರ ಜನ ಕಂಟೇನರ್‌ಗಳಲ್ಲೇ ಇದ್ದರು. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ. ಕಣ್ಣೀರು ಒರೆಸಿಕೊಂಡು ಮರುದಿನ ಅಂಗಡಿ ತೆರೆಯುವುದೂ ಸಬ್ರ್.

ಇದರಿಂದ ನಾವು ಕಲಿಯಬೇಕಾದದ್ದು ಎರಡು. ಒಂದು, ವಿಪತ್ತಿನ ಮೊದಲ ವಾರ ಹಳೆಬಟ್ಟೆಯ ರಾಶಿ ಹಾಕಿ ಮರೆತುಬಿಡಬೇಡಿ. ಆರು ತಿಂಗಳ ನಂತರ ಬಾಡಿಗೆ, ಔಷಧಿ, ಮಕ್ಕಳ ಫೀಸಿಗೆ ಕೊಡುವವರೇ ಕಡಿಮೆ. ನಮ್ಮ ಬೈತುಲ್‌ಮಾಲ್ ಆ ಆರನೇ ತಿಂಗಳನ್ನು ನೆನಪಿಡಲಿ.

ಎರಡನೆಯದು ನಮ್ಮ ಮನೆ ಬಾಗಿಲಲ್ಲೇ ಇದೆ. ಮದ್ರಸದ ಮೇಲೆ ಇನ್ನೊಂದು ಮಹಡಿ ಏರಿಸುವ ಮಾತು ಕಮಿಟಿಯಲ್ಲಿ ನಡೆಯುತ್ತಿದೆ. ಒಳ್ಳೆಯ ಕೆಲಸವೇ. ಆದರೆ ಕೆಳಗಿನ ಪಿಲ್ಲರು ಒಂದೇ ಮಹಡಿಗೆಂದು ಹಾಕಿದ್ದು. ಇಂಜಿನಿಯರ್ ಬಂದು ಪರೀಕ್ಷಿಸಿ, ಬರೆದು ಕೊಡುವವರೆಗೆ ಕೆಲಸ ಶುರು ಮಾಡಬಾರದೆಂದು ನಾನು ಕಮಿಟಿಯವರಲ್ಲಿ ವಿನಂತಿಸಿದ್ದೇನೆ; ಮಿಂಬರ್ ಮೇಲಿಂದಲೂ ಹೇಳುತ್ತಿದ್ದೇನೆ. "ಅಲ್ಲಾಹನ ಮನೆಗೆ ಅಲ್ಲಾಹನೇ ಕಾವಲು" ಎಂದು ಒಬ್ಬರು ಹೇಳಿದರು. ನಿಜ. ಆದರೆ ಹಬೀಬ್ ನಜ್ಜಾರ್ ಮಸೀದಿಯೂ ಅಲ್ಲಾಹನ ಮನೆಯೇ ಆಗಿತ್ತು. ಒಂಟೆಯನ್ನು ಕಟ್ಟಿ, ನಂತರ ತವಕ್ಕುಲ್ ಮಾಡುವುದು ನಮಗೆ ಕಲಿಸಿದ ದಾರಿ. ಬೆಳಗ್ಗೆ ಏಳಕ್ಕೆ ಅಲ್ಲಿ ಕೂರುವ ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್.

ಯಾ ಅಲ್ಲಾಹ್, ಅವಶೇಷಗಳಡಿ ಮರಣ ಹೊಂದಿದವರಿಗೆ ಮಗ್ಫಿರತ್ ನೀಡು, ಮನೆ ಕಳಕೊಂಡವರಿಗೆ ನೆರಳು ನೀಡು. ನಾವು ಕಟ್ಟುವುದರಲ್ಲಿ ನಮಗೆ ಪ್ರಾಮಾಣಿಕತೆ ಕೊಡು. ಆಮೀನ್.