ಟ್ರಾಲಿ ಎಷ್ಟು ದೊಡ್ಡದು ಬೇಕು?

ಚಂದಾಪುರದಾಗ ನಮ್ಮ ಕಾಕಾ ಪವರ್ ವೀಡರ್, ಬ್ರಷ್ ಕಟರ್, ಸ್ಪ್ರೇ ಪಂಪ್ ತಗೊಂಡು ಬಾಡಿಗೆಗೆ ಹೋಗ್ತಾನ. ‘ದೊಡ್ಡದಿದ್ರ ತೊಗರಿ ಚೀಲಾನೂ ಹಾಕಬಹುದು’ ಅಂತ ಸಾಲ ಮಾಡಿ 10 ಅಡಿ ಟ್ರಾಲಿ ತಂದ. ಟ್ರ್ಯಾಕ್ಟರ್ ಮಾತ್ರ ಸಣ್ಣದು. ಮೊದಲ ಮಳೆಗೇ ಎರಿ ಹೊಲದಾಗ ಗಾಲಿ ಹೂತವು. ಎಳೀಲಿಕ್ಕ ಬ್ಯಾರೆ ಟ್ರ್ಯಾಕ್ಟರ್ ಕರೆದು ದಿನದ ದುಡಿಮೆ ಅಲ್ಲೇ ಕೊಟ್ಟ.

ನಾನು ಬಿ.ಕಾಂ. ಓದಿದಾಂವ. ಕಂತಿನ ಲೆಕ್ಕ ಹಾಕಿಕೊಟ್ಟಿದ್ದೆ, ಟೇಪ್ ಹಿಡಿದು ಅಳೀಲಿಲ್ಲ. ಆಮೇಲೆ ಮಷಿನ್‌ಗಳನ್ನು ಅಂಗಳದಾಗ ಗೇಣು ಜಾಗ ಬಿಟ್ಟು ಸಾಲಾಗಿ ಇಟ್ಟು ನೋಡಿದ್ವಿ: 6 ಅಡಿ ಉದ್ದ, 4 ಅಡಿ ಅಗಲ ಸಾಕಿತ್ತು! ತೂಕ ನೋಡುವಾಗ ಖಾಲಿ ಟ್ರಾಲಿದೂ ಸೇರಿಸ್ರಿ. ಎರಡು ಗಾಲಿ ಟ್ರಾಲಿಯೊಳಗ ಭಾರ ಹಿಂದಕ್ಕ ಬಿದ್ರ ಮುಂದಿನ ಕೊಂಡಿ ಮ್ಯಾಲೇಳ್ತದ, ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಿಡಿತ ಬಿಡ್ತಾವ. ಅದಕ್ಕ ವೀಡರನ್ನು ಗಾಲಿಗಿಂತ ತುಸು ಮುಂದ ಇಡ್ರಿ.

ಕಾಕಾ ಟ್ರಾಲಿ ಮಾರಲಿಕ್ಕ ಇಟ್ಟಾನ. ಕಂತು ಇನ್ನೂ ನಡದದ.