ಹೈಬ್ರಿಡ್ ಸೂಪರ್‌ಕಾರು: ಯಾವುದು ಉಳಿಯುತ್ತದೆ, ಯಾವುದು ಸವೆಯುತ್ತದೆ?

2013ರಲ್ಲಿ ಯುರೋಪಿನ ಮೂರು ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ಒಂದೊಂದು ಹೊಸ ಕಾರನ್ನು ಹೊರತಂದವು. ಜರ್ಮನಿಯಿಂದ ಪೋರ್ಷೆ 918 ಸ್ಪೈಡರ್, ಇಂಗ್ಲೆಂಡಿನಿಂದ ಮೆಕ್‌ಲಾರೆನ್ ಪಿ1, ಇಟಲಿಯಿಂದ ಲಾಫೆರಾರಿ. ಮೂರೂ ಹೈಬ್ರಿಡ್ ಕಾರುಗಳೇ. ಹೈಬ್ರಿಡ್ ಎಂದರೆ ಪೆಟ್ರೋಲ್ ಉಳಿಸುವ ಸಾಧು ಕಾರು ಎಂಬ ಮಾತನ್ನು ಇವು ತಲೆಕೆಳಗು ಮಾಡಿದವು. 918 ಸ್ಪೈಡರ್ ಅದೇ ವರ್ಷ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಓಟದ ಹಾದಿಯನ್ನು 6 ನಿಮಿಷ 57 ಸೆಕೆಂಡುಗಳಲ್ಲಿ ಸುತ್ತಿ ಬಂತು.

ಇಂಥ ಕಾರು ಕೊಳ್ಳುವವರು ಸಾಮಾನ್ಯವಾಗಿ ಮೂರು ಕಾರಣ ಹೇಳುತ್ತಾರೆ. ಇದು ಎಲ್ಲರ ಬಳಿ ಇರುವುದಿಲ್ಲ. ಇದರಲ್ಲಿರುವುದು ಎಲ್ಲಕ್ಕಿಂತ ಹೊಸ ತಂತ್ರಜ್ಞಾನ. ಮುಂದೆ ಮಾರಿದರೂ ಬೆಲೆ ಬೀಳುವುದಿಲ್ಲ. ಆ ಮೂರು ಕಾರುಗಳು ಬಂದು ಹತ್ತು ವರ್ಷ ದಾಟಿದೆ. ಈ ಮೂರು ಕಾರಣಗಳಲ್ಲಿ ಯಾವುದು ನಿಂತಿತು, ಯಾವುದು ಕುಸಿಯಿತು ಎಂದು ಈಗ ತಾಳೆ ನೋಡಬಹುದು. ಪೆಟ್ರೋಲು, ವಿದ್ಯುತ್ತು ಎರಡರಿಂದಲೂ ಓಡುವ ಸಾಧಾರಣ ಕಾರು ಕೊಳ್ಳುವವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಮೊದಲು ತಂತ್ರಜ್ಞಾನ. ಟರ್ಬೊ ಇರುವ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ತುಳಿದ ಮೇಲೆ ಪೂರ್ತಿ ಬಲ ಬರಲು ಒಂದು ಕ್ಷಣ ಬೇಕು. ವಿದ್ಯುತ್ ಮೋಟಾರಿಗೆ ಆ ತಡ ಇಲ್ಲ. ತಿರುಗಲು ಶುರುವಾದ ಕೂಡಲೇ ಅದರ ಎಳೆತ ಸಿಗುತ್ತದೆ. ಮೆಕ್‌ಲಾರೆನ್ ಪಿ1 ಕಾರಿನಲ್ಲಿ ಟರ್ಬೊ ಎಚ್ಚರಗೊಳ್ಳುವ ಮುನ್ನಿನ ಆ ತೆರಪನ್ನು ಮೋಟಾರು ತುಂಬುತ್ತದೆ. 918ರಲ್ಲಿ ಹಿಂದಿನ ಚಕ್ರಗಳಿಗೆ ಎಂಜಿನ್ ದುಡಿದರೆ, ಮುಂದಿನ ಚಕ್ರಗಳಿಗೆ ಬೇರೆಯೇ ಮೋಟಾರು. ಈ ಎರಡೂ ಕಾರುಗಳನ್ನು ಮನೆಯಲ್ಲಿ ಪ್ಲಗ್ ಹಾಕಿ ಚಾರ್ಜ್ ಮಾಡಬಹುದು. ಲಾಫೆರಾರಿಗೆ ಪ್ಲಗ್ಗೇ ಇಲ್ಲ. ಫಾರ್ಮುಲಾ ಒನ್ ರೇಸ್ ಕಾರುಗಳಿಂದ ಬಂದ ವಿಧಾನ ಅದರದ್ದು: ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು, ವೇಗ ಬೇಕಾದಾಗ ಎಂಜಿನ್ನಿಗೆ ಜೊತೆಗೂಡಿಸುತ್ತದೆ. ಎಂಜಿನ್ನೂ ಮೋಟಾರೂ ಸೇರಿ 963 ಅಶ್ವಶಕ್ತಿ.

ಈ ಜಾಣ್ಮೆಯನ್ನು ನಾನು ನಿಜಕ್ಕೂ ಮೆಚ್ಚುತ್ತೇನೆ. ಆದರೆ ಆರೇ ವರ್ಷಗಳಲ್ಲಿ ಏನಾಯಿತು ನೋಡಿ. 2019ರಲ್ಲಿ ಫೆರಾರಿ ಕಂಪನಿಯೇ ಎಸ್‌ಎಫ್90 ಸ್ಟ್ರಡಾಲೆ ಎಂಬ ಕಾರು ತಂದಿತು. ಮೂರು ಮೋಟಾರು, ಒಟ್ಟು 1000 ಅಶ್ವಶಕ್ತಿ. ಹಿಂದಕ್ಕೆ ಚಲಿಸುವ ಕೆಲಸವನ್ನೂ ಮೋಟಾರಿಗೇ ವಹಿಸಿದ್ದರಿಂದ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರ್ ಇಡಲೇ ಇಲ್ಲ; ಅಷ್ಟು ತೂಕ ಉಳಿಯಿತು. ಬೆಲೆಯೋ, ಲಾಫೆರಾರಿಯ ಅರ್ಧಕ್ಕಿಂತ ಕಡಿಮೆ. ಹೊಸ ತಂತ್ರಜ್ಞಾನ ಎಂಬ ಹೆಮ್ಮೆ ಎಷ್ಟು ಬೇಗ ಹಳತಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೂ ಮಾರುಕಟ್ಟೆಯಲ್ಲಿ ನಡೆದದ್ದು ಇದಕ್ಕೆ ಉಲ್ಟಾ. ಮುಂದುವರಿದ ಎಸ್‌ಎಫ್90 ಸೆಕೆಂಡ್ ಹ್ಯಾಂಡ್ ಆಗುತ್ತಲೇ ಬೆಲೆ ಕಳೆದುಕೊಂಡಿತು. ಹಿಂದುಳಿದ ಲಾಫೆರಾರಿ ಮೂಲ ಬೆಲೆಯ ಎರಡು ಪಟ್ಟು ದಾಟಿ ಮಾರಾಟವಾಗುತ್ತಿದೆ. ಬಂಗಾರದ ಒಡವೆ ಮಾರಲು ಹೋದವರಿಗೆ ಇದರ ಗುಟ್ಟು ಗೊತ್ತು. ಅಕ್ಕಸಾಲಿಗ ಚಿನ್ನದ ತೂಕಕ್ಕೆ ಹಣ ಕೊಡುತ್ತಾನೆ. ನಾವು ತೆತ್ತ ಮಜೂರಿ ವಾಪಸು ಬರುವುದಿಲ್ಲ. ಹೈಬ್ರಿಡ್ ಸೂಪರ್‌ಕಾರಿನಲ್ಲಿ ತಂತ್ರಜ್ಞಾನವೇ ಮಜೂರಿ.

ಹಾಗಾದರೆ ಚಿನ್ನ ಯಾವುದು? ಕಡಿಮೆ ಸಂಖ್ಯೆಯೇ? ಸಂಖ್ಯೆ ಮುಖ್ಯ, ಅನುಮಾನವಿಲ್ಲ. ಬಿಎಂಡಬ್ಲ್ಯು ಐ8 ನೋಡಲು ಸೂಪರ್‌ಕಾರಿನಂತೆಯೇ ಇದ್ದ ಹೈಬ್ರಿಡ್. 2014ರಿಂದ 2020ರವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಯಾರಾದವು. ಅದರ ಬೆಲೆ ಇಳಿಯುತ್ತಲೇ ಹೋಯಿತು. ಎಸ್‌ಎಫ್90ಗೂ ಸಂಖ್ಯೆಯ ಮಿತಿ ಇರಲಿಲ್ಲ. ಆದರೆ ಸಂಖ್ಯೆಯೊಂದೇ ಸಾಲದು. 2013ರ ಆ ಮೂರರಲ್ಲಿ ಪಿ1 ಬರೀ 375, ಲಾಫೆರಾರಿ 499, ಪೋರ್ಷೆ ತನ್ನ ಹೆಸರಿನಂತೆಯೇ 918. ಎಲ್ಲಕ್ಕಿಂತ ವಿರಳ ಪಿ1; ಎಲ್ಲಕ್ಕಿಂತ ದುಬಾರಿಯಾದದ್ದು ಲಾಫೆರಾರಿ. ಅದರ ಹೃದಯದಲ್ಲಿರುವುದು ಟರ್ಬೊ ಇಲ್ಲದ ಹನ್ನೆರಡು ಸಿಲಿಂಡರಿನ ಎಂಜಿನ್. ಅದರ ಉತ್ತರಾಧಿಕಾರಿಯಾಗಿ 2024ರಲ್ಲಿ ಬಂದ ಎಫ್80 ಕಾರಿಗೆ ಆರು ಸಿಲಿಂಡರು, 1200 ಅಶ್ವಶಕ್ತಿ. ಬಲ ಹೆಚ್ಚಿತು, ಹಳೆಯ ಎಂಜಿನ್ ಹೋಯಿತು. ಹಾಗಾಗಿ ಜನ ಹಣ ಸುರಿಯುವುದು ಮತ್ತೆ ಮಾಡಲಾಗದ್ದಕ್ಕೆ. ಮೋಟಾರು, ಬ್ಯಾಟರಿಗಳನ್ನು ನಾಳೆ ಇನ್ನೂ ಚೆನ್ನಾಗಿ ಮಾಡಬಹುದು. ಫೆರಾರಿಯ ಈ ಸಾಲಿನ ಕಾರಿಗೆ ಆ ಎಂಜಿನ್ ಮರಳುವುದು ಕಷ್ಟ.

ಸಂಖ್ಯೆಯ ಮಿತಿಯೂ ಕಲ್ಲಿನಲ್ಲಿ ಕೊರೆದದ್ದಲ್ಲ. 499ರ ಮೇಲೆ ಇನ್ನೊಂದನ್ನು ಮಾಡಿ, 2016ರ ಡಿಸೆಂಬರಿನಲ್ಲಿ ಫೆರಾರಿ ಲಾಫೆರಾರಿಯ ಆ ಐನೂರನೆಯ ಕಾರನ್ನು ಮಧ್ಯ ಇಟಲಿಯ ಭೂಕಂಪ ಸಂತ್ರಸ್ತರಿಗಾಗಿ ಹರಾಜಿಗಿಟ್ಟಿತು. ಬಂದ ಬೆಲೆ 70 ಲಕ್ಷ ಡಾಲರ್.

ಇಷ್ಟಾದ ಮೇಲೂ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ: ಬ್ಯಾಟರಿ. ಅರವತ್ತು ವರ್ಷ ಹಳೆಯ ಕಾರಿನ ಎಂಜಿನ್ ಕೆಟ್ಟರೆ ಒಳ್ಳೆಯ ಮೆಕ್ಯಾನಿಕ್ ಬಿಚ್ಚಿ, ಬೇಕಾದ ಭಾಗವನ್ನು ಕಡೆದು ಕೂರಿಸಿ ಓಡಿಸುತ್ತಾನೆ. ಲೀಥಿಯಂ ಬ್ಯಾಟರಿಯ ವಿಷಯ ಹಾಗಲ್ಲ. ಓಡಿಸಿದರೂ ಅದು ಸವೆಯುತ್ತದೆ, ಸುಮ್ಮನೆ ನಿಲ್ಲಿಸಿದರೂ ಮುಪ್ಪಾಗುತ್ತದೆ. ಚಾರ್ಜ್ ತೀರಾ ಕೆಳಗಿಳಿಯಲು ಬಿಟ್ಟರೆ ಸೆಲ್‌ಗಳು ಶಾಶ್ವತವಾಗಿ ಕೆಡುತ್ತವೆ. ಬೆಲೆ ಏರಲಿ ಎಂದು ಕವರ್ ಹೊದಿಸಿ ಗ್ಯಾರೇಜಿನಲ್ಲಿಟ್ಟವರ ಕಾರಿಗೇ ಇದರಿಂದ ಅಪಾಯ. ಕೆಲವೇ ನೂರು ಕಾರುಗಳಿಗಾಗಿ ಮಾಡಿದ ಬ್ಯಾಟರಿ ಪೇಟೆಯಲ್ಲಿ ಸಿಗುವ ವಸ್ತುವೂ ಅಲ್ಲ. ತಯಾರಕರು ಕೈಬಿಟ್ಟರೆ, ವಿರಳ ಎಂಬ ಗುಣವೇ ಶಾಪವಾಗುತ್ತದೆ.

ಈ ಭಯ ಕಂಪನಿಗಳಿಗೂ ತಟ್ಟಿದೆ. 2024ರಲ್ಲಿ ಫೆರಾರಿ ತನ್ನ ಹೈಬ್ರಿಡ್ ಕಾರುಗಳಿಗೆ ಹೊಸ ವಾರಂಟಿ ಯೋಜನೆ ತಂದಿತು. ವರ್ಷ ವರ್ಷ ಹಣ ಕಟ್ಟಿದರೆ ಎಂಟನೇ ವರ್ಷ ಮತ್ತು ಹದಿನಾರನೇ ವರ್ಷ ಬ್ಯಾಟರಿ ಬದಲಾಯಿಸಿ ಕೊಡುವ ಏರ್ಪಾಡು ಅದರಲ್ಲಿದೆ. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಇದು ಕೊಂಡವರು ಬೇರೆಯಾಗಿ ದುಡ್ಡು ಕೊಟ್ಟು ಪಡೆಯುವ ಅನುಕೂಲ ಆಗಬಾರದಿತ್ತು. ಅಪರೂಪದ ವಸ್ತುವೆಂದು ಹೇಳಿ ಕೋಟಿಗಟ್ಟಲೆ ಪಡೆದವರಿಗೆ ಆ ವಸ್ತುವನ್ನು ಬದುಕಿಸಿಡುವ ಹೊಣೆಯೂ ಇದೆ.

ನಮ್ಮ ನಾಡಿನ ಮಾತಿಗೆ ಬರೋಣ. 2013ರ ಆ ಮೂರೂ ಎಡಬದಿಯ ಸ್ಟಿಯರಿಂಗಿನ ಕಾರುಗಳು. ನಮ್ಮ ರಸ್ತೆಗೆಂದು ಮಾಡಿದವಲ್ಲ. ಈಚೆಗೆ ಬಂದ ಲ್ಯಾಂಬೋರ್ಗಿನಿ ರೆವುಯೆಲ್ಟೊ ಎಂಬ ಹನ್ನೆರಡು ಸಿಲಿಂಡರಿನ ಹೈಬ್ರಿಡ್ ಇಲ್ಲಿ ಸಿಗುತ್ತದೆ. 2023ರ ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ಅದರ ಎಕ್ಸ್ ಶೋರೂಮ್ ಬೆಲೆ 8.89 ಕೋಟಿ ರೂಪಾಯಿ. ಇದರಲ್ಲಿ ಆಮದು ಸುಂಕದ ಪಾಲು ದೊಡ್ಡದು. ಬೆಂಗಳೂರಿನಲ್ಲಿ ನೋಂದಣಿ ಮಾಡಿಸಿದರೆ ಜೀವಾವಧಿ ತೆರಿಗೆಯೇ ಒಂದೂವರೆ ಕೋಟಿ ಮೀರುತ್ತದೆ. ಈ ಸುಂಕ, ತೆರಿಗೆಗಳನ್ನು ವಿದೇಶದ ಹರಾಜುಕಟ್ಟೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಅಲ್ಲಿನ ಹರಾಜಿನ ದಾಖಲೆ ತೋರಿಸಿ, ಇದು ಹೂಡಿಕೆ ಎಂದು ಇಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ.

ಕೊಳ್ಳುವ ಶಕ್ತಿ ಇದ್ದವರು ಇಷ್ಟನ್ನು ಕೇಳಿ ತಿಳಿಯಲಿ. ಇಂಥ ಕಾರುಗಳು ಒಟ್ಟು ಎಷ್ಟು ತಯಾರಾಗುತ್ತವೆ, ಆ ಸಂಖ್ಯೆಗೆ ಕಂಪನಿ ಬದ್ಧವೇ? ಇದರಲ್ಲಿ ಮುಂದೆ ಮತ್ತೆ ಬಾರದಂಥದ್ದು ಏನಿದೆ? ಬ್ಯಾಟರಿಯ ವಾರಂಟಿ ಎಷ್ಟು ವರ್ಷ, ಕಾರು ಕೈ ಬದಲಾದರೆ ಮುಂದಿನವರಿಗೂ ಅದು ಸಲ್ಲುತ್ತದೆಯೇ? ಹೈವೋಲ್ಟೇಜ್ ಕೆಲಸ ಬಲ್ಲ ಸರ್ವಿಸ್ ಸೆಂಟರ್ ಎಷ್ಟು ದೂರ? ಕೊನೆಯ ಎರಡು ಪ್ರಶ್ನೆ ಸಾಧಾರಣ ಹೈಬ್ರಿಡ್ ಕೊಳ್ಳುವವರಿಗೂ ಅಷ್ಟೇ ಅಗತ್ಯ. ಉತ್ತರ ಬಾಯಿಮಾತಿನಲ್ಲಿ ಬಂದರೆ ಒಪ್ಪದೆ, ಬರಹದಲ್ಲಿ ಪಡೆದ ಮೇಲೆಯೇ ಮುಂಗಡ ಕೊಡಿ.